ಅಭಿಪ್ರಾಯಕ್ಕೆ ಮೊದಲು ಅಧ್ಯಯನ: ನಾವು ಮರೆತ ಕುಂಜ್ರು

ದೆಹಲಿಯ ಬಾರಾಖಂಬಾ ರಸ್ತೆಯ ಸಪ್ರೂ ಹೌಸ್ ಪತ್ರಿಕೆ ಓದುವವರಿಗೆ ಅಪರಿಚಿತವಲ್ಲ. ಪರದೇಶಗಳ ಗಣ್ಯರು ಅಲ್ಲಿ ಭಾಷಣ ಮಾಡಿದ ಸುದ್ದಿ ಆಗಾಗ ಬರುತ್ತಿರುತ್ತದೆ. ಅದೇ ನಗರದ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ಸ್ಕೂಲಿನ ಹೆಸರೂ ನಮಗೆ ಗೊತ್ತು. 2019ರಲ್ಲಿ ವಿದೇಶಾಂಗ ಸಚಿವರಾದ ಎಸ್. ಜೈಶಂಕರ್ ಡಾಕ್ಟರೇಟ್ ಪಡೆದದ್ದು ಅಲ್ಲಿಯೇ. ಆದರೆ ಆ ಕಟ್ಟಡದ ಹಿಂದೆಯೂ ಈ ಸ್ಕೂಲಿನ ಹಿಂದೆಯೂ ನಿಂತಿದ್ದ ವ್ಯಕ್ತಿ ಒಬ್ಬರೇ ಎಂಬುದು ಹೆಚ್ಚಿನವರಿಗೆ ತಿಳಿಯದು. ಅವರು ಪಂಡಿತ ಹೃದಯನಾಥ ಕುಂಜ್ರು. 1978ರ ಏಪ್ರಿಲ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ಕಾಲದಲ್ಲಿ ಸಂಸತ್ತಿನ ಎಲ್ಲ ಪಕ್ಷಗಳೂ ಕಿವಿಗೊಟ್ಟು ಕೇಳುತ್ತಿದ್ದ ಈ ಮನುಷ್ಯನ ಹೆಸರು ಇಂದು ದೆಹಲಿಯ ವಿದ್ವಾಂಸರ ವಲಯವನ್ನು ಬಿಟ್ಟರೆ ಉಳಿದೆಡೆ ಮಸುಕಾಗಿದೆ.

ಕನ್ನಡಿಗರಾದ ನಾವು ಅವರನ್ನು ನೆನೆಯಲು ಬೇರೆಯೇ ಕಾರಣವೂ ಇದೆ. ಇಂದಿನ ಕರ್ನಾಟಕದ ರೂಪುರೇಖೆಗಳನ್ನು ಗುರುತಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಕುಂಜ್ರು ಒಬ್ಬರು. ಆಯೋಗವು ತನ್ನ ವರದಿಗೆ ಸಹಿ ಹಾಕಿದ್ದು 1955ರ ಸೆಪ್ಟೆಂಬರ್ 30ರಂದು. ಅಂತರರಾಷ್ಟ್ರೀಯ ವಿಷಯಗಳ ಅಧ್ಯಯನಕ್ಕೆಂದೇ ಅವರು ಕಟ್ಟಿದ ಸಂಶೋಧನಾ ಕೇಂದ್ರ ಆರಂಭವಾದದ್ದು ಅದೇ ಅಕ್ಟೋಬರ್‌ನಲ್ಲಿ. ದೇಶದ ಒಳಗಿನ ಗಡಿಗಳನ್ನು ಇತ್ಯರ್ಥಪಡಿಸುವ ಕೆಲಸ ಮುಗಿಸುತ್ತಿದ್ದಂತೆಯೇ ಗಡಿಯಾಚೆಗಿನ ಜಗತ್ತನ್ನು ಅರಿಯುವ ವ್ಯವಸ್ಥೆಯೊಂದನ್ನು ಅವರು ದೇಶಕ್ಕೆ ಕೊಟ್ಟರು. ಎರಡೂ ಕೆಲಸಗಳ ಮೂಲದಲ್ಲಿದ್ದ ನಂಬಿಕೆ ಒಂದೇ ಎಂಬುದು ನನ್ನ ಭಾವನೆ: ಅಧ್ಯಯನ ಮಾಡದೆ ಅಭಿಪ್ರಾಯ ತಳೆಯುವ ಹಕ್ಕು ಸಾರ್ವಜನಿಕ ಜೀವನದಲ್ಲಿ ಯಾರಿಗೂ ಇಲ್ಲ.

ಕುಂಜ್ರು ಹುಟ್ಟಿದ್ದು 1887ರಲ್ಲಿ, ಉತ್ತರ ಭಾರತದಲ್ಲಿ ನೆಲೆಸಿದ್ದ ಕಾಶ್ಮೀರಿ ಪಂಡಿತ ಮನೆತನದಲ್ಲಿ. ತಂದೆ ಅಯೋಧ್ಯಾನಾಥ ಕುಂಜ್ರು ಅಲಹಾಬಾದಿನ ಹೆಸರಾಂತ ವಕೀಲರು, ಕಾಂಗ್ರೆಸ್ಸಿನ ಮೊದಲ ತಲೆಮಾರಿನ ನಾಯಕರು. ಸರ್ಕಾರದ ಅಸಹಕಾರದ ನಡುವೆಯೂ 1888ರಲ್ಲಿ ಅಲಹಾಬಾದಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದವರು ಅವರೇ. ಮಗನಿಗೆ ನಾಲ್ಕು ವರ್ಷವಾಗಿದ್ದಾಗ, 1892ರಲ್ಲಿ ಅವರು ತೀರಿಕೊಂಡರು. ವಕೀಲಿಕೆಯ ಮನೆತನದಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಓದಿದ ತರುಣನ ಮುಂದೆ ಹಣ ಮತ್ತು ಹೆಸರು ತರುವ ದಾರಿ ಸಿದ್ಧವಾಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಕುಂಜ್ರು 1909ರಲ್ಲಿ ಸೇರಿದರು. ತನಗಾಗಿ ಹಣ ಸಂಪಾದಿಸುವುದಿಲ್ಲ, ಸಂಘ ಕೊಡುವ ಅಲ್ಪ ಜೀವನಾಂಶದಲ್ಲಿ ತೃಪ್ತನಾಗಿರುತ್ತೇನೆ, ದೇಶಸೇವೆಗೆ ಬಾಳನ್ನು ಮೀಸಲಿಡುತ್ತೇನೆ ಎಂಬಂಥ ಪ್ರತಿಜ್ಞೆಗಳನ್ನು ಸದಸ್ಯರು ಸ್ವೀಕರಿಸಬೇಕಿತ್ತು. ಸಾರ್ವಜನಿಕ ಕೆಲಸಕ್ಕೆ ಇಳಿಯುವ ಮೊದಲು ವರ್ಷಗಟ್ಟಲೆ ಓದಿ, ಪ್ರವಾಸ ಮಾಡಿ, ತರಬೇತಿ ಪಡೆಯಬೇಕೆಂಬುದು ಗೋಖಲೆಯವರ ನಿಯಮ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಕುಂಜ್ರು ವ್ಯಾಸಂಗ ಮಾಡಿದರು. ತಾರುಣ್ಯದಲ್ಲೇ ಪತ್ನಿಯನ್ನೂ ಹಸುಗೂಸನ್ನೂ ಕಳೆದುಕೊಂಡ ಅವರು ಮರುವಿವಾಹದ ಯೋಚನೆ ಮಾಡಲಿಲ್ಲ. ಸೊಸೈಟಿಯೇ ಅವರ ಮನೆಯಾಯಿತು. 1936ರಲ್ಲಿ ಅದರ ಅಧ್ಯಕ್ಷರಾದ ಅವರು ಕಡೆಯವರೆಗೂ ಆ ಹೊಣೆಯನ್ನು ಹೊತ್ತರು.

ಗೋಖಲೆಯವರ ಶಿಷ್ಯರೆಂದರೆ ಬರಿಯ ಅರ್ಜಿ, ಮನವಿ, ಅಂಕಿಅಂಶಗಳ ರಾಜಕಾರಣಿಗಳು ಎಂಬ ಕಲ್ಪನೆ ನಮ್ಮಲ್ಲಿದೆ. ಅದು ಪೂರ್ಣ ಸತ್ಯವಲ್ಲ. 1915ರ ಹರಿದ್ವಾರದ ಕುಂಭಮೇಳದಲ್ಲಿ ಯಾತ್ರಿಕರ ಸೇವೆಗೆ ಸೊಸೈಟಿ ದೊಡ್ಡ ಸ್ವಯಂಸೇವಕ ಪಡೆಯನ್ನು ಕಳುಹಿಸಿತ್ತು. ಅದರ ಮುಖ್ಯಸ್ಥ ಇಪ್ಪತ್ತೇಳು ವರ್ಷದ ಕುಂಜ್ರು. ದಕ್ಷಿಣ ಆಫ್ರಿಕಾದಿಂದ ಆಗಷ್ಟೇ ಮರಳಿದ್ದ ಗಾಂಧೀಜಿ ಮತ್ತು ಅವರ ಫೀನಿಕ್ಸ್ ಆಶ್ರಮದ ಸಂಗಡಿಗರು ಆ ಪಡೆಗೆ ನೆರವಾದರು. ತೆರೆದ ಶೌಚದ ಗುಂಡಿಗಳಿಗೆ ಮಣ್ಣು ಮುಚ್ಚುವ ಕೆಲಸವನ್ನು ಕೇಳಿ ಪಡೆದರು. ಈ ಸಂಗತಿಯನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮುಂದೆ ರಾಜಕೀಯದಲ್ಲಿ ಇಬ್ಬರ ದಾರಿಗಳೂ ಬೇರೆಯಾದವು. ಆದರೆ ಕೈ ಕೆಸರು ಮಾಡಿಕೊಳ್ಳದ ವಿದ್ವಾಂಸನೆಂದು ಕುಂಜ್ರು ಅವರನ್ನು ಯಾರೂ ದೂರುವಂತಿರಲಿಲ್ಲ.

ಅಸಹಕಾರ ಚಳವಳಿಯ ಕಾಲದಲ್ಲಿ ಕುಂಜ್ರು ಮಂದಗಾಮಿಗಳ ಜೊತೆ, ಅಂದರೆ ಲಿಬರಲ್ ಪಕ್ಷದಲ್ಲಿ ನಿಂತರು. ಜೈಲು ಕಾಣದವರಿಗೆ ಜನಪ್ರಿಯತೆ ದೊರೆಯದ ಕಾಲವದು. ಅವರು ಸಂಯುಕ್ತ ಪ್ರಾಂತದ ವಿಧಾನ ಪರಿಷತ್ತಿನಲ್ಲಿ, ಕೇಂದ್ರ ಶಾಸನಸಭೆಯಲ್ಲಿ, ಆನಂತರ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಕುಳಿತು ಸೇನೆಯ ಭಾರತೀಕರಣ, ರಕ್ಷಣಾ ವೆಚ್ಚ, ಹೊರದೇಶಗಳಲ್ಲಿರುವ ಭಾರತೀಯರ ಸ್ಥಿತಿಗತಿ ಮೊದಲಾದ ವಿಷಯಗಳನ್ನು ಹಿಡಿದು ಸರ್ಕಾರವನ್ನು ಪ್ರಶ್ನಿಸಿದರು. ಅವರ ಭಾಷಣಗಳಲ್ಲಿ ಅಲಂಕಾರವಿರುತ್ತಿರಲಿಲ್ಲ, ಲೆಕ್ಕ ಇರುತ್ತಿತ್ತು.

ಹೊರದೇಶಗಳ ಭಾರತೀಯರ ಪ್ರಶ್ನೆಯೇ ಅವರನ್ನು ಅಂತರರಾಷ್ಟ್ರೀಯ ವ್ಯವಹಾರಗಳ ಕಡೆಗೆ ಎಳೆಯಿತೆಂದು ತೋರುತ್ತದೆ. 1929ರಲ್ಲಿ ಅವರು ಪೂರ್ವ ಆಫ್ರಿಕಾದ ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಕೀನ್ಯಾದ ಎತ್ತರದ ಫಲವತ್ತಾದ ಭೂಮಿಯನ್ನು ಬಿಳಿಯರಿಗೇ ಮೀಸಲಿಟ್ಟಿದ್ದ, ಜನಾಂಗಕ್ಕೊಂದು ಮತದಾರರ ಪಟ್ಟಿ ಇದ್ದ ಕಾಲವದು. ಎಲ್ಲರಿಗೂ ಒಂದೇ ಮತಪಟ್ಟಿ ಬೇಕೆಂಬುದು ಅಲ್ಲಿನ ಭಾರತೀಯರ ಹೋರಾಟವಾಗಿತ್ತು. ಕೀನ್ಯಾದ ಭೂಮಿಯ ಕಾನೂನಾಗಲಿ, ಅಲ್ಲಿನ ಮೂಲನಿವಾಸಿಗಳ ಬಾಳಾಗಲಿ ಭಾರತದಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಲಂಡನ್ನಿನಲ್ಲಿ ಗೊತ್ತಿತ್ತು, ನೈರೋಬಿಯಲ್ಲಿ ಗೊತ್ತಿತ್ತು. ನಮ್ಮವರ ಪರವಾಗಿ ವಾದಿಸಬೇಕಾದ ನಮಗೆ ಮಾತ್ರ ಎದುರಾಳಿಯ ಪುಸ್ತಕಗಳೇ ಆಧಾರವಾಗಿದ್ದವು.

1942ರಲ್ಲಿ ಇದಕ್ಕಿಂತ ಕಠೋರವಾದ ಅನುಭವ ಕಾದಿತ್ತು. ಜಪಾನಿನ ಸೇನೆ ಬರ್ಮಾವನ್ನು ಆಕ್ರಮಿಸಿದಾಗ ಅಲ್ಲಿದ್ದ ಲಕ್ಷಾಂತರ ಭಾರತೀಯರು ಕಾಡುಬೆಟ್ಟಗಳನ್ನು ದಾಟಿ ಮಣಿಪುರ, ಅಸ್ಸಾಂ ಕಡೆಗೆ ನಡೆದು ಬಂದರು. ಹಸಿವು, ಕಾಲರಾ, ಮಲೇರಿಯಾಗಳಿಗೆ ಸಾವಿರಾರು ಮಂದಿ ದಾರಿಯಲ್ಲೇ ಬಲಿಯಾದರು. ವೈಸರಾಯ್ ಮಂಡಲಿಯ ಸದಸ್ಯರಾಗಿದ್ದ ಎಂ.ಎಸ್. ಅಣೆಯವರ ಜೊತೆಗೂಡಿ ಕುಂಜ್ರು ಆ ಗಡಿಪ್ರದೇಶಕ್ಕೆ ಹೋದರು. ಯೂರೋಪಿಯನ್ನರಿಗೆ ಅನುಕೂಲವಾದ ಒಂದು ದಾರಿ, ಭಾರತೀಯರಿಗೆ ದುರ್ಗಮವಾದ ಇನ್ನೊಂದು ದಾರಿ ಎಂಬ ಭೇದದ ದೂರುಗಳು ಆಗ ಬೆಳಕಿಗೆ ಬಂದು ದೇಶವನ್ನು ಕಲಕಿದವು. ಬರ್ಮಾ ಕೆಲವೇ ವರ್ಷಗಳ ಹಿಂದೆ, 1937ರವರೆಗೆ, ಭಾರತದ ಆಡಳಿತಕ್ಕೇ ಸೇರಿದ್ದ ನಾಡು. ಅಂಥ ಪಕ್ಕದ ಮನೆಯ ಬಗ್ಗೆಯೂ ನಮ್ಮದೇ ಆದ ತಿಳಿವಳಿಕೆ ಇರಲಿಲ್ಲ.

ಮರುವರ್ಷ, 1943ರಲ್ಲಿ, ದೆಹಲಿಯಲ್ಲಿ ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್ ಎಂಬ ಪರಿಷತ್ತು ಹುಟ್ಟಿತು. ಸರ್ ತೇಜ್ ಬಹಾದುರ್ ಸಪ್ರೂ ಅಧ್ಯಕ್ಷರು. ಕುಂಜ್ರು ಸ್ಥಾಪಕರಲ್ಲಿ ಪ್ರಮುಖರು. ಲಂಡನ್ನಿನ ಚಾಟಂ ಹೌಸ್‌ನ ಮಾದರಿಯ ಸಂಸ್ಥೆಯೊಂದು 1936ರಿಂದಲೇ ದೆಹಲಿಯಲ್ಲಿತ್ತು. ಆದರೆ ಅದರಲ್ಲಿ ಸರ್ಕಾರಿ ಅಧಿಕಾರಿಗಳದ್ದೇ ಮೇಲುಗೈ. ಬ್ರಿಟಿಷ್ ಸರ್ಕಾರದ ಧ್ವನಿಯೇ ಭಾರತದ ಧ್ವನಿಯೆಂದು ಹೊರಜಗತ್ತಿನ ಸಮ್ಮೇಳನಗಳಲ್ಲಿ ಕೇಳಿಬರುತ್ತಿತ್ತು. ಹೊಸ ಪರಿಷತ್ತಿನ ಉದ್ದೇಶ ಇದನ್ನು ತಪ್ಪಿಸುವುದು. ಅದು ಸರ್ಕಾರದ್ದಲ್ಲ, ಯಾವ ಪಕ್ಷದ್ದೂ ಅಲ್ಲ; ಸಂಸ್ಥೆಯಾಗಿ ಯಾವ ಪ್ರಶ್ನೆಯಲ್ಲೂ ತನ್ನದೇ ಅಭಿಪ್ರಾಯವನ್ನು ಸಾರುವುದಿಲ್ಲ. ಓದು, ಚರ್ಚೆ, ಪ್ರಕಟಣೆಗಳಷ್ಟೇ ಅದರ ಕೆಲಸ.

ಪರತಂತ್ರ ದೇಶದ ಒಂದು ಖಾಸಗಿ ಸಂಸ್ಥೆ ಎಷ್ಟು ಮಾಡಬಹುದೆಂಬುದಕ್ಕೆ ನಿದರ್ಶನಗಳಿವೆ. 1945ರ ಜನವರಿಯಲ್ಲಿ ಅಮೆರಿಕದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ನಡೆದ ಪೆಸಿಫಿಕ್ ರಾಷ್ಟ್ರಗಳ ಸಮ್ಮೇಳನಕ್ಕೆ ಪರಿಷತ್ತು ಕಳುಹಿಸಿದ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ಕಾಂಗ್ರೆಸ್ ನಾಯಕರು ಸೆರೆಮನೆಯಲ್ಲಿದ್ದಾಗ ಸ್ವತಂತ್ರ ಭಾರತದ ವಾದ ಅಮೆರಿಕದಲ್ಲಿ ಕೇಳಿಬಂದದ್ದು ಹೀಗೆ. ಅದೇ ವರ್ಷ ಇಂಡಿಯಾ ಕ್ವಾರ್ಟರ್ಲಿ ಎಂಬ ತ್ರೈಮಾಸಿಕ ಆರಂಭವಾಯಿತು. 1947ರ ಮಾರ್ಚ್ 23ರಿಂದ ಏಪ್ರಿಲ್ 2ರವರೆಗೆ ದೆಹಲಿಯ ಪುರಾನಾ ಕಿಲಾದಲ್ಲಿ ನಡೆದ ಏಷ್ಯಾ ಬಾಂಧವ್ಯ ಸಮ್ಮೇಳನವನ್ನು ಸಂಘಟಿಸಿದ್ದೂ ಈ ಪರಿಷತ್ತೇ. ಟಿಬೆಟ್ಟಿನ ಪ್ರತಿನಿಧಿಗಳೂ ಅಲ್ಲಿಗೆ ಬಂದಿದ್ದರು. ಟಿಬೆಟ್ಟನ್ನು ಪ್ರತ್ಯೇಕವಾಗಿ ತೋರಿಸಿದ್ದ ಭೂಪಟಕ್ಕೆ ಚೀನಾದ ಪ್ರತಿನಿಧಿಗಳು ಆಕ್ಷೇಪವೆತ್ತಿದಾಗ ಅದನ್ನು ತಿದ್ದಬೇಕಾಯಿತು. ಆಗಿನ್ನೂ ಚೀನಾದಲ್ಲಿ ಕಮ್ಯುನಿಸ್ಟರ ಆಳ್ವಿಕೆ ಬಂದಿರಲಿಲ್ಲ. ಸರ್ಕಾರ ಯಾವುದೇ ಇರಲಿ, ಗಡಿಯ ವಿಷಯದಲ್ಲಿ ಆ ದೇಶದ ಧೋರಣೆ ಏನೆಂಬುದನ್ನು ಓದಬಲ್ಲವರಿಗೆ ಅದೊಂದು ಪಾಠವಾಗಿತ್ತು.

ಇದೇ ಗೋಖಲೆ ಪರಂಪರೆಯ ಇನ್ನೊಂದು ಕವಲು ನಮ್ಮ ಬೆಂಗಳೂರಿನಲ್ಲಿ ಚಿಗುರಿದ್ದು 1945ರಲ್ಲಿ, ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ರೂಪದಲ್ಲಿ. ಒಂದು ದೆಹಲಿಯಲ್ಲಿ ಜಗತ್ತಿನ ವ್ಯವಹಾರಗಳಿಗೆ, ಇನ್ನೊಂದು ಬಸವನಗುಡಿಯ ಕಡೆ ನಾಗರಿಕ ವಿವೇಕಕ್ಕೆ. ಎರಡರ ಹಿಂದೆಯೂ ಇದ್ದದ್ದು ಒಂದೇ ಆತಂಕ: ಸ್ವಾತಂತ್ರ್ಯ ಬರುತ್ತಿದೆ, ಅದನ್ನು ಬಳಸಬಲ್ಲ ವಿಚಾರವಂತ ಪ್ರಜೆಗಳು ಎಲ್ಲಿಂದ ಬರುತ್ತಾರೆ?

ಸ್ವಾತಂತ್ರ್ಯಾನಂತರ ಕುಂಜ್ರು ಅವರಿಗೆ ಬಿಡುವಿರಲಿಲ್ಲ. ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಖಾಕಿ ತೊಟ್ಟು ಕವಾಯತು ಮಾಡಿದ್ದೇವೆ. ಆ ಎನ್‌ಸಿಸಿ 1948ರಲ್ಲಿ ಸ್ಥಾಪನೆಯಾದದ್ದು ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಮೊದಲ ರಾಷ್ಟ್ರೀಯ ಆಯುಕ್ತರು ಅವರು. ಮಕ್ಕಳ ಚಲನಚಿತ್ರ ಸಂಸ್ಥೆ ಆರಂಭವಾದಾಗ ಅದಕ್ಕೂ ಅವರೇ ಮೊದಲ ಅಧ್ಯಕ್ಷರು. 1962ರಲ್ಲಿ ರೈಲ್ವೆ ಅಪಘಾತಗಳ ವಿಚಾರಣಾ ಸಮಿತಿ ರಚನೆಯಾದಾಗಲೂ ಅಧ್ಯಕ್ಷತೆಗೆ ಸರ್ಕಾರ ಆರಿಸಿದ್ದು ಅವರನ್ನೇ. ಆದರೆ ಮಂತ್ರಿ, ರಾಯಭಾರಿ, ರಾಜ್ಯಪಾಲ ಇವುಗಳಲ್ಲಿ ಯಾವುದೂ ಅವರು ಆಗಲಿಲ್ಲ.

ಸಂವಿಧಾನ ರಚನಾ ಸಭೆಯಲ್ಲಿ ಅವರ ಒಂದು ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು. 1949ರ ಜೂನ್‌ನಲ್ಲಿ ಚುನಾವಣಾ ಆಯೋಗದ ಕರಡು ವಿಧಿ ಚರ್ಚೆಗೆ ಬಂದಾಗ, ಆಯುಕ್ತರ ನೇಮಕವನ್ನು ಸಂಪೂರ್ಣವಾಗಿ ಆಳುವ ಸರ್ಕಾರದ ಕೈಗೆ ಒಪ್ಪಿಸಿದರೆ ಸಂಸ್ಥೆಯ ಸ್ವಾತಂತ್ರ್ಯಕ್ಕೆ ಭದ್ರತೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಸಭೆ ಆ ಮಾತನ್ನು ಕೇಳಿಸಿಕೊಂಡು ಮುಂದೆ ಸಾಗಿತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದೇ ಪ್ರಶ್ನೆಯನ್ನು ವಿಚಾರಿಸುವಾಗ ಆ ಹಳೆಯ ಚರ್ಚೆಯ ಪುಟಗಳನ್ನು ಮತ್ತೆ ತೆರೆಯಬೇಕಾಯಿತು. ಸಂಸ್ಥೆಗಳು ಒಳ್ಳೆಯವರ ಸದಿಚ್ಛೆಯ ಮೇಲೆ ನಿಲ್ಲಬಾರದು, ಅವುಗಳ ರಚನೆಯಲ್ಲೇ ರಕ್ಷಣೆ ಇರಬೇಕು ಎಂಬುದನ್ನು ಕುಂಜ್ರು ಎಪ್ಪತ್ತು ವರ್ಷಗಳಿಗೂ ಹಿಂದೆಯೇ ಕಂಡಿದ್ದರು.

1953ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ಸೈಯದ್ ಫಜಲ್ ಅಲಿ. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಭಾಷೆಯ ವಿಷಯದಲ್ಲಿ ದೇಶ ಕುದಿಯುತ್ತಿತ್ತು. ಆಂಧ್ರಕ್ಕಾಗಿ ಉಪವಾಸ ಮಾಡಿ ಪೊಟ್ಟಿ ಶ್ರೀರಾಮುಲು ಪ್ರಾಣ ಬಿಟ್ಟು ವರ್ಷವಷ್ಟೇ ಆಗಿತ್ತು. ಆಯೋಗದ ಮುಂದೆ 1,52,250 ಮನವಿಗಳು ಬಂದವು. ಅವುಗಳಲ್ಲಿ ವಿಚಾರಪೂರ್ಣವಾದವು ಸುಮಾರು ಎರಡು ಸಾವಿರ ಮಾತ್ರ. ಆಯೋಗ 104 ಸ್ಥಳಗಳಿಗೆ ಭೇಟಿ ಕೊಟ್ಟು, ಸುಮಾರು 38,000 ಮೈಲಿ ಸಂಚರಿಸಿ, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿತು. ಒಂದೂವರೆ ಲಕ್ಷ ಅರ್ಜಿಗಳ ರಾಶಿಯಿಂದ ಎರಡು ಸಾವಿರ ವಾದಗಳನ್ನು ಹೆಕ್ಕಿ ತೂಗುವುದು, ಕೂಗಿನ ಗಾತ್ರಕ್ಕೆ ಮಣಿಯದೆ ವಾದದ ತೂಕವನ್ನು ನೋಡುವುದು ಗೋಖಲೆ ಶಿಷ್ಯನಿಗೆ ಸಹಜವಾದ ಕೆಲಸವೇ ಆಗಿತ್ತು.

ಕನ್ನಡಿಗರಿಗೆ ಆ ವರದಿ ಪೂರ್ಣ ಸಮಾಧಾನ ತರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಳೆಯ ಮೈಸೂರು, ಮುಂಬೈ ಮತ್ತು ಹೈದರಾಬಾದ್ ಕರ್ನಾಟಕದ ಜಿಲ್ಲೆಗಳು, ದಕ್ಷಿಣ ಕನ್ನಡ, ಕೊಡಗು, ಕೊಳ್ಳೇಗಾಲಗಳನ್ನು ಸೇರಿಸಿ ಒಂದು ಕರ್ನಾಟಕ ರಾಜ್ಯವಾಗಬೇಕೆಂದು ಆಯೋಗ ಹೇಳಿತು. ಹಳೆಯ ಮೈಸೂರಿನಲ್ಲೇ ಏಕೀಕರಣಕ್ಕೆ ಬಲವಾದ ವಿರೋಧವಿದ್ದಾಗ ಈ ಶಿಫಾರಸಿನ ಬೆಲೆ ದೊಡ್ಡದು. ಆದರೆ ಕಾಸರಗೋಡು ಕೇರಳಕ್ಕೆ ಹೋಯಿತು. ತುಂಗಭದ್ರಾ ಯೋಜನೆಯ ಕಾರಣ ಮುಂದೊಡ್ಡಿ, ಎರಡು ವರ್ಷಗಳ ಹಿಂದಷ್ಟೇ ಮೈಸೂರಿಗೆ ಸೇರಿದ್ದ ಬಳ್ಳಾರಿ ಮತ್ತು ಹೊಸಪೇಟೆ ಭಾಗವನ್ನು ಆಂಧ್ರಕ್ಕೆ ಕೊಡಬೇಕೆಂದೂ ಆಯೋಗ ಸಲಹೆ ಮಾಡಿತ್ತು. ಕನ್ನಡಿಗರು ಪ್ರತಿಭಟಿಸಿದರು, ಸರ್ಕಾರ ಆ ಸಲಹೆಯನ್ನು ಒಪ್ಪಲಿಲ್ಲ, ಬಳ್ಳಾರಿ ನಮ್ಮಲ್ಲೇ ಉಳಿಯಿತು. ಬಳ್ಳಾರಿಯ ವಿಷಯದಲ್ಲಿ ಆಯೋಗದ ತೀರ್ಮಾನ ತಪ್ಪೆಂದೇ ನನ್ನ ಎಣಿಕೆ. ನೀರಾವರಿ ಯೋಜನೆಯ ಆಡಳಿತಕ್ಕೆ ಎರಡು ರಾಜ್ಯಗಳ ಜಂಟಿ ಮಂಡಳಿ ಸಾಕಾಗುತ್ತದೆ ಎಂಬುದನ್ನು ಆನಂತರದ ಅನುಭವವೇ ತೋರಿಸಿದೆ. ಆದರೂ ವರದಿಯನ್ನು ಓದಿದವರು ಒಪ್ಪಬೇಕಾದ ಸಂಗತಿ ಒಂದಿದೆ. ಪ್ರತಿ ತೀರ್ಮಾನಕ್ಕೂ ಅಲ್ಲಿ ಕಾರಣ ಕೊಟ್ಟಿದೆ. ಎದುರು ವಾದವನ್ನೂ ನ್ಯಾಯವಾಗಿ ಮಂಡಿಸಿದೆ. ಹಾಗಿರುವುದರಿಂದಲೇ ಅದನ್ನು ವಿರೋಧಿಸುವವರು ಕಾರಣಗಳ ಮೂಲಕವೇ ವಿರೋಧಿಸಲು ಸಾಧ್ಯವಾಯಿತು.

ಸರ್ಕಾರಿ ಸೇವೆಯಲ್ಲಿದ್ದ ನನ್ನಂಥವರಿಗೆ ಆ ವರದಿಯ ಇನ್ನೊಂದು ಭಾಗ ಹೆಚ್ಚು ಹತ್ತಿರದ್ದು. ಅಖಿಲ ಭಾರತ ಸೇವೆಗಳಿಗೆ ಯಾವುದೇ ರಾಜ್ಯದಲ್ಲಿ ಹೊಸದಾಗಿ ಸೇರುವವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಹೊರರಾಜ್ಯದವರಿರಬೇಕು, ಹೈಕೋರ್ಟಿನ ನ್ಯಾಯಾಧೀಶರಲ್ಲಿ ಮೂರನೆಯ ಒಂದು ಭಾಗ ಹೊರಗಿನವರಿರಬೇಕು ಎಂದು ಆಯೋಗ ಸೂಚಿಸಿತ್ತು. ಭಾಷೆಗೊಂದು ರಾಜ್ಯ ಕೊಟ್ಟ ಕೈಯೇ, ಆ ರಾಜ್ಯ ಬಾಗಿಲು ಮುಚ್ಚಿಕೊಳ್ಳದಂತೆ ಕಿಟಕಿಗಳನ್ನೂ ಇಟ್ಟಿತ್ತು. ಬಿಹಾರ ಅಥವಾ ಕೇರಳದಿಂದ ಬಂದ ಅಧಿಕಾರಿಗಳು ಜಿಲ್ಲಾ ಕಚೇರಿಗಳಲ್ಲಿ ಕುಳಿತು ತಡವರಿಸುತ್ತ ಕನ್ನಡ ಕಲಿತು, ಕಡೆಗೆ ನಮ್ಮವರೇ ಆದುದನ್ನು ನನ್ನ ಸೇವಾವಧಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಆಯೋಗದ ಪ್ರವಾಸಗಳ ನಡುವೆಯೇ ಇನ್ನೊಂದು ಕೆಲಸ ನಡೆದಿತ್ತು. ಸಪ್ರೂ 1949ರಲ್ಲಿ ತೀರಿಕೊಂಡಿದ್ದರು. ಪರಿಷತ್ತಿನ ಭಾರ ಕುಂಜ್ರು ಅವರ ಹೆಗಲಿಗೆ ಬಂದಿತ್ತು. ಗತಿಸಿದ ಅಧ್ಯಕ್ಷರ ಹೆಸರಿನಲ್ಲಿ ಕಟ್ಟಿದ ಸಪ್ರೂ ಹೌಸ್ 1955ರಲ್ಲಿ ಪ್ರಧಾನಿ ನೆಹರೂ ಅವರಿಂದ ಉದ್ಘಾಟನೆಯಾಯಿತು. ಅಕ್ಟೋಬರ್‌ನಲ್ಲಿ ಅದೇ ಸೂರಿನಡಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಬಾಗಿಲು ತೆರೆಯಿತು. ದೆಹಲಿ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಈ ಸ್ಕೂಲಿನ ಮೊದಲ ನಿರ್ದೇಶಕರು ಎ. ಅಪ್ಪಾದೊರೈ. ಮದ್ರಾಸಿನಿಂದ ಬಂದ ಈ ವಿದ್ವಾಂಸರು ಅರ್ಥಶಾಸ್ತ್ರ ಓದಿದವರಿಗೆ ಬೇರೊಂದು ಕಾರಣಕ್ಕೆ ಪರಿಚಿತರು. ಕ್ರಿ.ಶ. 1000ದಿಂದ 1500ರವರೆಗಿನ ದಕ್ಷಿಣ ಭಾರತದ ಆರ್ಥಿಕ ಪರಿಸ್ಥಿತಿಯನ್ನು ಕುರಿತು 1936ರಲ್ಲಿ ಅವರು ಪ್ರಕಟಿಸಿದ ಎರಡು ಸಂಪುಟಗಳು ಶಾಸನಗಳಿಂದ ಆರ್ಥಿಕ ಇತಿಹಾಸವನ್ನು ಹೊರತೆಗೆಯುವ ಕೆಲಸಕ್ಕೆ ಒಳ್ಳೆಯ ಮಾದರಿ. ಎಂ.ಎ. ದಿನಗಳಲ್ಲಿ ಗ್ರಂಥಾಲಯದಲ್ಲಿ ಅವನ್ನು ತಿರುವಿಹಾಕಿದ ನೆನಪು ನನಗಿನ್ನೂ ಇದೆ. ಕಲ್ಲುಗಳನ್ನು ಓದಿ ಬೆಲೆ, ತೆರಿಗೆ, ವ್ಯಾಪಾರಗಳ ಲೆಕ್ಕ ಹಾಕುವ ತಾಳ್ಮೆಯಿದ್ದ ಮನುಷ್ಯನ ಕೈಗೇ ಕುಂಜ್ರು ತಮ್ಮ ಸ್ಕೂಲನ್ನು ಒಪ್ಪಿಸಿದ್ದು ಅರ್ಥಪೂರ್ಣ.

ಈ ಸ್ಕೂಲಿನ ಗುರಿ ಸಂಶೋಧನೆ. ವಿದ್ಯಾರ್ಥಿಗಳು ಪಿಎಚ್.ಡಿ.ಗಾಗಿ ಬರುತ್ತಿದ್ದರು. ಒಂದು ದೇಶ ಅಥವಾ ಪ್ರದೇಶವನ್ನು ಆರಿಸಿಕೊಂಡು ಅದರ ಇತಿಹಾಸ, ಅರ್ಥವ್ಯವಸ್ಥೆ, ರಾಜಕೀಯಗಳನ್ನು ಆಳವಾಗಿ ಅಭ್ಯಾಸ ಮಾಡುವುದು, ಅಲ್ಲಿನ ಭಾಷೆ ಕಲಿಯುವುದು ಈ ತರಬೇತಿಯ ತಿರುಳು. ಚೀನಾ, ಆಗ್ನೇಯ ಏಷ್ಯಾ, ಪಶ್ಚಿಮ ಏಷ್ಯಾ, ಸೋವಿಯತ್ ದೇಶಗಳ ಬಗ್ಗೆ ಭಾರತೀಯ ತಜ್ಞರು ಬೇಕು. ಅವರು ಲಂಡನ್, ನ್ಯೂಯಾರ್ಕ್‌ಗಳ ಕನ್ನಡಕ ತೊಟ್ಟು ನೋಡದೆ ಸ್ವಂತ ಕಣ್ಣಿನಿಂದ ನೋಡಬೇಕು ಎಂಬುದು ಉದ್ದೇಶವಾಗಿತ್ತು. 1959ರಲ್ಲಿ ಸ್ಕೂಲು ಇಂಟರ್‌ನ್ಯಾಷನಲ್ ಸ್ಟಡೀಸ್ ಎಂಬ ನಿಯತಕಾಲಿಕವನ್ನು ಆರಂಭಿಸಿತು. ಸಪ್ರೂ ಹೌಸಿನ ಗ್ರಂಥಾಲಯ, ಅಲ್ಲಿ ವಿಷಯವಾರು ಜೋಡಿಸಿಟ್ಟ ಪತ್ರಿಕಾ ತುಣುಕುಗಳ ಸಂಗ್ರಹ ದೇಶದ ಎಲ್ಲೆಡೆಯ ಸಂಶೋಧಕರನ್ನು ಸೆಳೆಯಿತು.

ವಿದೇಶಾಂಗ ಸಚಿವಾಲಯ ಇರುವಾಗ ವಿಶ್ವವಿದ್ಯಾಲಯದಲ್ಲಿ ಇದೆಲ್ಲ ಏಕೆ ಎಂದು ಕೇಳಬಹುದು. ಕಡತಗಳ ನಡುವೆ ಬಾಳಿದವನಾಗಿ ನಾನು ಇದಕ್ಕೆ ಉತ್ತರ ಕೊಡಬಲ್ಲೆ. ಕಡತದ ಬುದ್ಧಿ ನಾಳೆಯ ಸಭೆಯವರೆಗೆ ಓಡುತ್ತದೆ. ಮೇಲಿನವರ ಮನಸ್ಸನ್ನು ಊಹಿಸಿ ಟಿಪ್ಪಣಿ ಬರೆಯುವ ಪ್ರಲೋಭನೆ ಎಂಥ ಪ್ರಾಮಾಣಿಕ ಅಧಿಕಾರಿಯನ್ನೂ ಕಾಡುತ್ತದೆ. ಇಪ್ಪತ್ತು ವರ್ಷ ಒಂದೇ ದೇಶವನ್ನು ಓದುವವನು, ಅದರ ಪತ್ರಿಕೆಗಳನ್ನು ಮೂಲಭಾಷೆಯಲ್ಲಿ ಓದಬಲ್ಲವನು, ತನ್ನ ತೀರ್ಮಾನ ಮಂತ್ರಿಗೆ ಹಿಡಿಸದಿದ್ದರೂ ಕೆಲಸ ಕಳೆದುಕೊಳ್ಳದವನು ಕಚೇರಿಯ ಹೊರಗೇ ಇರಬೇಕು. ಕಚೇರಿಗೂ ಅದರಿಂದಲೇ ಲಾಭ.

ಕುಂಜ್ರು ಸ್ವತಃ ಈ ಸ್ವಾತಂತ್ರ್ಯವನ್ನು ಬಳಸಿ ತೋರಿಸಿದರು. 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದ ಅವರು ಟಿಬೆಟ್ ಹಾಗೂ ಚೀನಾ ಕುರಿತ ಸರ್ಕಾರದ ಆಶಾವಾದವನ್ನು ಸಂಶಯದಿಂದ ಕಂಡವರ ಸಾಲಿನಲ್ಲಿದ್ದರು. ಗಡಿಯ ರಕ್ಷಣಾ ಸಿದ್ಧತೆಯ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು. ಸಪ್ರೂ ಹೌಸನ್ನು ಉದ್ಘಾಟಿಸಿದ ಪ್ರಧಾನಿಯ ನೀತಿಯನ್ನೇ ಅದರ ಅಧ್ಯಕ್ಷರು ಸದನದಲ್ಲಿ ಟೀಕಿಸಬಹುದಾಗಿತ್ತು. ಅದರಿಂದ ಇಬ್ಬರ ಸೌಜನ್ಯಕ್ಕಾಗಲಿ ಸಂಸ್ಥೆಯ ಅನುದಾನಕ್ಕಾಗಲಿ ಕುಂದು ಬರಲಿಲ್ಲ. 1961ರಲ್ಲಿ ಸ್ಕೂಲಿಗೆ ಪರಿಭಾವಿತ ವಿಶ್ವವಿದ್ಯಾಲಯದ ಸ್ಥಾನ ದೊರೆತದ್ದು ಅದೇ ಸರ್ಕಾರದ ಕಾಲದಲ್ಲಿ. ಮರುವರ್ಷ ಚೀನಾ ಯುದ್ಧ ನಡೆಯಿತು. ನೆರೆಯ ದೇಶವನ್ನು ನಾವೆಷ್ಟು ಕಡಿಮೆ ಬಲ್ಲೆವೆಂಬುದು ಆಗ ಎಲ್ಲರಿಗೂ ಅರಿವಾಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನ ಕೇಂದ್ರ ಆರಂಭವಾದದ್ದು 1964ರಲ್ಲಿ. ಸೋತ ಮೇಲೆ ಓದಲು ಕೂರುವುದು ನಮ್ಮ ಹಳೆಯ ಚಾಳಿ. ಕುಂಜ್ರು ಮೊದಲೇ ಓದಲು ಕೂರಿಸಿದ್ದರು. ಆದರೆ ಬೀಜ ಬಿತ್ತಿ ಏಳು ವರ್ಷಕ್ಕೆ ಮರದ ನೆರಳು ಸಿಗುವುದಿಲ್ಲ.

1970ರಲ್ಲಿ ಸ್ಕೂಲು ಹೊಸದಾಗಿ ಸ್ಥಾಪನೆಯಾಗಿದ್ದ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಆಗ ಕುಂಜ್ರು ಅವರಿಗೆ ಎಂಬತ್ತೆರಡು ವರ್ಷ. ವಿಲೀನದಿಂದ ಸ್ಕೂಲಿಗೆ ಆರ್ಥಿಕ ಭದ್ರತೆ ಬಂತು, ಅರ್ಥಶಾಸ್ತ್ರ, ಇತಿಹಾಸ, ಭಾಷಾ ವಿಭಾಗಗಳ ನೆರೆ ದೊರೆಯಿತು, ವಿದ್ಯಾರ್ಥಿಗಳ ಸಂಖ್ಯೆ ಬೆಳೆಯಿತು. ಆದರೆ ಕಳೆದುಕೊಂಡದ್ದೂ ಇದೆ. ಒಂದೇ ಗುರಿಯ ಪುಟ್ಟ ಸಂಸ್ಥೆಗಿದ್ದ ಏಕಾಗ್ರತೆ ದೊಡ್ಡ ವಿಶ್ವವಿದ್ಯಾಲಯದ ಒಂದು ಅಂಗಕ್ಕೆ ಇರಲಾರದು. ಅದಕ್ಕಿಂತ ದೊಡ್ಡ ನಷ್ಟ ಆದದ್ದು ಪರಿಷತ್ತಿಗೆ. ವಿದ್ವಾಂಸರು, ವಿದ್ಯಾರ್ಥಿಗಳು ಬೇರೆಯಾದ ಮೇಲೆ ಉಳಿದದ್ದು ಕಟ್ಟಡ, ಪುಸ್ತಕಗಳು ಮತ್ತು ಸದಸ್ಯರ ಪಟ್ಟಿ.

ಕುಂಜ್ರು ಕಾಲವಾದ ನಂತರ ಪರಿಷತ್ತು ನಿಧಾನವಾಗಿ ಕಳೆಗುಂದಿತು. ಕಡೆಗೆ 2001ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿ ಕೇಂದ್ರದ ವ್ಯವಸ್ಥೆಗೆ ಒಳಪಡಿಸಿತು. ಉಪರಾಷ್ಟ್ರಪತಿ ಪದನಿಮಿತ್ತ ಅದರ ಅಧ್ಯಕ್ಷರಾದರು. ಕಟ್ಟಡ ದುರಸ್ತಿ ಕಂಡಿತು, ಚಟುವಟಿಕೆಗಳು ಮರಳಿದವು, ಇವೆಲ್ಲ ಸಂತೋಷದ ವಿಷಯವೇ. ಆದರೆ ಸರ್ಕಾರಿ ಅಧಿಕಾರಿಗಳ ಹಿಡಿತದಿಂದ ದೂರವಿರಬೇಕೆಂದೇ 1943ರಲ್ಲಿ ಹುಟ್ಟಿದ ಸಂಸ್ಥೆ ಅರವತ್ತು ವರ್ಷ ತುಂಬುವ ಮೊದಲೇ ಸರ್ಕಾರದ ಮಡಿಲು ಸೇರಿತೆಂಬುದು ಯೋಚಿಸಬೇಕಾದ ಸಂಗತಿ. ಇದಕ್ಕೆ ಸರ್ಕಾರವನ್ನಷ್ಟೇ ದೂರುವುದು ಸುಲಭ. ಅದನ್ನು ಸ್ವತಂತ್ರವಾಗಿ ಉಳಿಸಿಕೊಳ್ಳಲು ಬೇಕಾದ ಹಣವನ್ನು, ಸಮಯವನ್ನು, ಅದಕ್ಕಿಂತ ಹೆಚ್ಚಾಗಿ ನಿಸ್ವಾರ್ಥವನ್ನು ಒದಗಿಸಲು ವಿದ್ಯಾವಂತ ಸಮಾಜಕ್ಕೆ ಆಗಲಿಲ್ಲ. ಚುನಾವಣಾ ಆಯೋಗದ ಬಗ್ಗೆ ಕುಂಜ್ರು ಆಡಿದ ಎಚ್ಚರಿಕೆ ಅವರೇ ಕಟ್ಟಿದ ಸಂಸ್ಥೆಗೂ ಅನ್ವಯಿಸಿದ್ದು ಇತಿಹಾಸದ ವ್ಯಂಗ್ಯ. ಅದರ ಸ್ವಾತಂತ್ರ್ಯ ನಿಂತಿದ್ದು ಮುಖ್ಯವಾಗಿ ಅವರ ವ್ಯಕ್ತಿತ್ವದ ಮೇಲೆ.

1968ರಲ್ಲಿ ಸರ್ಕಾರ ಕುಂಜ್ರು ಅವರಿಗೆ ಭಾರತರತ್ನ ನೀಡಲು ಮುಂದಾಯಿತು. ಗಣರಾಜ್ಯದಲ್ಲಿ ಇಂಥ ಗೌರವಗಳು ಇರಬಾರದೆಂಬುದು ಅವರ ಹಳೆಯ ನಿಲುವು. ಅದಕ್ಕೆ ಬದ್ಧರಾಗಿ ಅವರು ಪ್ರಶಸ್ತಿಯನ್ನು ಒಲ್ಲೆನೆಂದರು. ಎಂಬತ್ತು ದಾಟಿದ, ಸ್ವಂತದ್ದೆಂದು ಏನನ್ನೂ ಮಾಡಿಕೊಳ್ಳದ ಮನುಷ್ಯ ದೇಶದ ಅತ್ಯುನ್ನತ ಗೌರವವನ್ನು ಸದ್ದಿಲ್ಲದೆ ಹಿಂದಿರುಗಿಸಿದರು. ಸ್ವೀಕರಿಸಿದ್ದರೆ ಇಂದು ಶಾಲೆಯ ಮಕ್ಕಳ ಸಾಮಾನ್ಯ ಜ್ಞಾನದ ಪಟ್ಟಿಯಲ್ಲಾದರೂ ಅವರ ಹೆಸರು ಇರುತ್ತಿತ್ತು.

ಇಂದು ಅಂತರರಾಷ್ಟ್ರೀಯ ವಿಷಯಗಳ ಮಾತಿಗೆ ನಮ್ಮಲ್ಲಿ ಬರವಿಲ್ಲ. ಸಂಜೆಯಾದರೆ ಟಿ.ವಿ. ಪರದೆಗಳ ಮೇಲೆ ಯುದ್ಧಗಳನ್ನು ಗೆಲ್ಲಲಾಗುತ್ತದೆ, ಒಪ್ಪಂದಗಳನ್ನು ಹರಿಯಲಾಗುತ್ತದೆ. ಆದರೆ ನೇಪಾಳದ ಹಳ್ಳಿಗಳ ಆರ್ಥಿಕತೆ, ಮ್ಯಾನ್ಮಾರಿನ ಬುಡಕಟ್ಟುಗಳ ರಾಜಕೀಯ, ಶ್ರೀಲಂಕಾದ ಸಾಲದ ಲೆಕ್ಕಗಳನ್ನು ವರ್ಷಗಟ್ಟಲೆ ಕುಳಿತು ಓದುವವರ ಕಡೆ ನಮ್ಮ ಗಮನ ಹೋಗುವುದು ಬಿಕ್ಕಟ್ಟು ಬಂದಾಗ ಮಾತ್ರ. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ, ಯೂರೋಪಿನಲ್ಲಿ ಕನ್ನಡಿಗರು ನೆಲೆಸಿರುವ ಈ ಕಾಲದಲ್ಲಿ, ಬೆಂಗಳೂರಿನ ದುಡಿಮೆಯೇ ಹೊರಜಗತ್ತಿನ ಬೇಡಿಕೆಯನ್ನು ಅವಲಂಬಿಸಿರುವಾಗ, ಈ ಓದು ದೆಹಲಿಯ ಒಂದು ಸ್ಕೂಲಿನ ಹೊಣೆಯಷ್ಟೇ ಅಲ್ಲ. ನಮ್ಮ ವಿಶ್ವವಿದ್ಯಾಲಯಗಳೂ ಒಂದೊಂದು ಪ್ರದೇಶವನ್ನು ಆರಿಸಿಕೊಂಡು, ಅದರ ಭಾಷೆಯಿಂದ ಆರಂಭಿಸಿ, ಹತ್ತು ವರ್ಷ ತಾಳ್ಮೆಯಿಂದ ಅಧ್ಯಯನ ನಡೆಸಬಾರದೇಕೆ? ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ಫಲ ತಕ್ಷಣ ಕೇಳದಿರುವ ಸಂಯಮ, ಒಪ್ಪದ ತೀರ್ಮಾನವನ್ನೂ ಪ್ರಕಟಿಸಲು ಬಿಡುವ ಔದಾರ್ಯ, ಇವೆರಡು ಇದ್ದರೆ ಸಾಕು.

ಸಪ್ರೂ ಹೌಸಿಗೆ ಸಪ್ರೂ ಹೆಸರಿದೆ, ವಿಶ್ವವಿದ್ಯಾಲಯಕ್ಕೆ ನೆಹರೂ ಹೆಸರಿದೆ, ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ಜನ ಫಜಲ್ ಅಲಿ ಆಯೋಗವೆಂದೇ ಕರೆಯುತ್ತಾರೆ. ಮೂರರಲ್ಲೂ ದುಡಿಮೆ ಇದ್ದ ಕುಂಜ್ರು ಹೆಸರು ಯಾವುದರ ಮೇಲೂ ಇಲ್ಲ. ಅದರಿಂದ ಅವರಿಗೆ ಬೇಸರವಾಗುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಅವರು ಕಟ್ಟಿದ ಸ್ಕೂಲಿನಲ್ಲಿ ಓದಿದವರು ಇಂದಿಗೂ ದೇಶದ ಉದ್ದಗಲಕ್ಕೆ ಪಾಠ ಹೇಳುತ್ತಿದ್ದಾರೆ, ಬರೆಯುತ್ತಿದ್ದಾರೆ, ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದಾರೆ. ಅವರು ಓದಿದ್ದನ್ನೇ ಹೇಳುತ್ತಿದ್ದಾರೆಯೇ, ಕೇಳುವವರಿಗೆ ಹಿತವಾದದ್ದನ್ನು ಹೇಳುತ್ತಿದ್ದಾರೆಯೇ ಎಂಬುದನ್ನು ಗಮನಿಸುತ್ತಿರುವುದು ನಮ್ಮ ಕೆಲಸ.